ಹತ್ತು ಇಪ್ಪತ್ತಕ್ಕೆ ನಿಂತ ವಾಚು

ಐದನೆಯ ಗೊಂಬೆಗೆ ಹಿಟ್ಟು ಕಡಿಮೆ ಬಿತ್ತು. ರಂಗುಬಾಯಿ ನಾಲ್ಕನೆಯದರ ಕಾಲು ಕಿತ್ತು ಅದಕ್ಕೊಂದು ತಲೆ ಮಾಡುತ್ತಿದ್ದಾಗ ವಾಚ್ ರಿಪೇರಿಯ ಸುಕುಮಾರ ಸೈಕಲ್ಲನ್ನು ಗೋಡೆಗೆ ಒರಗಿಸಿ ಚಾಳಿನ ಅಂಗಳಕ್ಕೆ ಬಂದ. ನಡುವೆ ಜ್ಞಾನುವನ್ನು ಮಲಗಿಸಿದ್ದರು. ಮೂಗಿನಲ್ಲಿ ಹತ್ತಿ ತುರುಕಿದ್ದರು. ಇಪ್ಪತ್ತು ವರ್ಷ ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಹತ್ತಿಯ ಧೂಳು ಕುಡಿದವನಿಗೆ ಹೋಗುವಾಗಲೂ ಅದೇ ಗತಿ!

"ಗೊಂಬಿ ಯಾತಕ್ಕವಾ?" ಸುಕುಮಾರ ಕೇಳಿದ.

"ಪಂಚಕ ಹತ್ತೇತಂತ್ರಿ," ಎಂದಳು ರಂಗುಬಾಯಿ. ಆಕೆ ಪಕ್ಕದ ಖೋಲಿಯವಳು. "ಮಲ್ಲಾರಿ ಅಣ್ಣಾರು ಭಟ್ಟರನ್ನ ಕೇಳಿ ಬಂದಾರ. ಹತ್ತು ಗಂಟೆಕ್ಕ ಸುರು ಆಗೇತಂತ. ಇವರು ಹೋಗಿದ್ದು ಹತ್ತು ಇಪ್ಪತ್ತಕ್ಕ."

"ಯಾರು ನೋಡಿದ್ರು?"

"ಯಾರೂ ನೋಡಿಲ್ರಿ. ವಾಚ್ ನಿಂತೇತಿ. ನನ್ನ ಮಾತ ಯಾರ ಕೇಳ್ತಾರ?"

ಆದದ್ದು ಇಷ್ಟೇ. ರಾತ್ರಿ ಪಾಳಿ ಮುಗಿಸಿ ಬಂದ ಜ್ಞಾನು ಚಹಾ ಕುಡಿದು ಅಡ್ಡಾಗಿದ್ದ. ಹೆಂಡತಿ ದ್ರೌಪದಿ ಎಂಟೂವರೆಗೆ, ಮನೆಯಲ್ಲಿ ನೂಲು ಸುತ್ತಿದ ಕಾಂಡಿಗಳ ಚೀಲ ಹೊತ್ತು ಶೆಡ್ಡಿಗೆ ಹೋದಳು. ಹನ್ನೊಂದಕ್ಕೆ ತಿರುಗಿ ಬಂದಾಗ ಅವನ ಮೈ ತಣ್ಣಗಾಗಿತ್ತು. ಕೈಯಲ್ಲಿದ್ದ ವಾಚು ಹತ್ತು ಇಪ್ಪತ್ತು ತೋರಿಸುತ್ತಿತ್ತು. ಕೊರೋಚಿಯಿಂದ ಓಡಿಬಂದ ಜ್ಞಾನುವಿನ ದೊಡ್ಡಪ್ಪನ ಮಗ ಮಲ್ಲಾರಿ ಅದನ್ನು ಬಿಚ್ಚಿ ನೋಡಿದವನೇ, ನಾಡಿ ನಿಂತಾಗ ವಾಚೂ ನಿಂತಿದೆ ಎಂದುಬಿಟ್ಟ. ಎಲ್ಲರೂ ಹೌದೌದು ಎಂದರು.

ಪಂಚಕದ ಕೆಟ್ಟ ಗಳಿಗೆಯಲ್ಲಿ ಹೋದವರು ಹತ್ತಿರದ ಇನ್ನೈದು ಜನರನ್ನು ಎಳೆದೊಯ್ಯುತ್ತಾರಂತೆ; ಅವರ ಬದಲು ಐದು ಗೊಂಬೆ ಸುಡಬೇಕು, ಸತ್ತ ಮನೆಗೆ ಆರು ತಿಂಗಳು ಬೀಗ ಹಾಕಬೇಕು. ಹೊಟ್ಟೆಪಾಡಿಗೆ ಗಡಿ ದಾಟಿ ಬಂದಾಗ ಈ ಜನ ಗಂಟುಮೂಟೆಯ ಜೊತೆ ಕಟ್ಟಿಕೊಂಡು ಬಂದ ರಿವಾಜು ಅದು. ಚಾಳಿನ ಒಡತಿ ಹೌಸಾಬಾಯಿ ಕೆಟ್ಟವಳಲ್ಲ. ಆದರೆ ಗೋಡೆಯ ಆಚೆ ಮಗ್ಗುಲಲ್ಲೇ ಅವಳ ಇಬ್ಬರು ಮೊಮ್ಮಕ್ಕಳು ಮಲಗುತ್ತಿದ್ದರು.

"ನಾ ಹೊರಗ ಹಾಕಾಕತ್ತಿಲ್ಲವಾ ದ್ರೌಪದಿ. ಆರು ತಿಂಗಳ ಬೀಗ ಹಾಕೂದು. ಆಮ್ಯಾಲ ನೋಡೂನು."

ಆಮೇಲೆ ನೋಡೋಣ ಎಂದರೆ ಏನೆಂದು ಈ ಊರಲ್ಲಿ ಖೋಲಿ ಹುಡುಕಿ ಅಲೆದವರಿಗೆಲ್ಲ ಗೊತ್ತು. ಒಮ್ಮೆ ಕೈಬಿಟ್ಟ ಖೋಲಿ ಮತ್ತೆ ಸಿಕ್ಕಿದ್ದನ್ನು ಕಂಡವರಿಲ್ಲ.

"ಎಲ್ಲಿಗಿ ಹೋಗ್ಲಿ ಭಾವಾ?" ದ್ರೌಪದಿಯ ದನಿ ಅತ್ತು ಅತ್ತು ಕೂತುಹೋಗಿತ್ತು. "ಗಡಹಿಂಗ್ಲಜದಾಗ ನಮ್ಮಣ್ಣನ ಮನ್ಯಾಗ ಅವರಿಗೇ ಕಾಲ ಚಾಚಾಕ ಜಾಗಾ ಇಲ್ಲ. ಕಾಂಡಿ ಸುತ್ತೂದು ಬಿಟ್ರ ಹೊಟ್ಟಿಗೇನು ಹಾಕ್ಲಿ? ಮಂಗಲಾನ ಪರೀಕ್ಷಾ ಬ್ಯಾರೆ ಮುಂದಿನ ತಿಂಗಳ ಐತಿ."

"ನನ್ನ ಕೈಯಾಗ ಏನೈತವಾ?" ಮಲ್ಲಾರಿ ವಾಚನ್ನು ಸುಕುಮಾರನ ಮುಂದೆ ಹಿಡಿದ. "ನೀವ ಹೇಳ್ರಿ ಸುಕುಮಾರಣ್ಣಾ. ಮೊನ್ನಿ ಸೋಮವಾರ ನಿಮ್ಮ ಕೈಯಾಗ ಸರ್ವಿಸಿಂಗ್ ಆದ ವಾಚು. ಜ್ಞಾನು ತಾನ ನನಗ ಹೇಳಿದ್ದ. ಇಂಥಾದ್ದು ಸುಮ್ಮಸುಮ್ಮನ ನಿಂದರತೈತೇನು?"

ಸುಕುಮಾರ ವಾಚನ್ನು ಕೈಗೆ ತೆಗೆದುಕೊಂಡ.

*

ಸೋಮವಾರ ಜ್ಞಾನು ಬಸ್ ಸ್ಟ್ಯಾಂಡ್ ಎದುರಿನ ಸುಕುಮಾರನ ಗಾಜಿನ ಗೂಡಂಗಡಿಯ ಮುಂದೆ ನಿಂತು ವಾಚು ಬಿಚ್ಚಿದ್ದ. ತಲೆಗೂದಲ ತುಂಬ ನೂಲಿನ ತುಣುಕು ಹಾಗೇ ಇದ್ದವು.

"ದಿನಾ ನಿಲ್ಲಾಕತ್ತೇತ್ರಿ. ಜಾಡಿಸಿದ್ರ ಹೊಳ್ಳಿ ಚಾಲೂ ಆಗತೈತಿ, ಮತ್ತ ನಿಲ್ಲತೈತಿ."

"ಶೆಡ್ಡಿನ ಧೂಳಪಾ. ಒಳಗ ಹೊಕ್ಕಿರತೈತಿ. ನಿನಗ್ಯಾಕ ಇಷ್ಟ ಅವಸರ? ಭೋಂಗಾ ಕೂಗಿದ ಮ್ಯಾಲ ಮನಿಗಿ ಹೋಗಾಂವ ನೀನು."

"ನನ್ನ ಸಲುವಾಗಿ ಅಲ್ರಿ. ಪಾಳಿ ಬಿಟ್ಟ ಹಳ್ಳಿಗಿ ಹೋಗೂ ಮಂದಿ ನನ್ನ ವಾಚ್ ನೋಡ್ತಾರ. ಹತ್ತು ನಿಮಿಷ ತಪ್ಪಿದ್ರ ಅವರ ಬಸ್ ತಪ್ಪತೈತಿ. ಪಾಪ, ಒಂದ ತಾಸು ನಿಂದರಬೇಕು."

"ಎರಡ ತಾಸು ಬಿಟ್ಟ ಬಾ."

ಸರ್ವಿಸಿಂಗ್ ಎಂದರೆ ಒಂದೊಂದೇ ಚಕ್ರ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ತಿರುಗಿ ಕೂಡಿಸಿ, ಸೂಜಿಯ ಮೊನೆಯಷ್ಟು ಎಣ್ಣೆ ಮುಟ್ಟಿಸಬೇಕು. ಸುಕುಮಾರ ಹಿಂದಿನ ಮುಚ್ಚಳ ತೆಗೆದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ. ಒಂದು ಚಕ್ರ ಎರಡಾಗಿ ಕಂಡಿತು. ವರ್ಷದಿಂದ ಬಲಗಣ್ಣಿಗೆ ಪೊರೆ ಬರುತ್ತಿತ್ತು, ಹೆಂಡತಿಗೂ ಹೇಳಿರಲಿಲ್ಲ. ಬಿಚ್ಚಿದರೆ ತಿರುಗಿ ಕೂಡಿಸುವ ಧೈರ್ಯ ಅವನಿಗೆ ಇರಲಿಲ್ಲ. ರಬ್ಬರಿನ ಬುರುಡೆಯಿಂದ ಉಫ್ ಎಂದು ಗಾಳಿ ಹೊಡೆದ, ಮೇಲಿನಿಂದ ಒಂದು ಹನಿ ಎಣ್ಣೆ ಬಿಟ್ಟ, ಮುಚ್ಚಳ ಹಾಕಿದ. ಗಾಜನ್ನು ಮಾತ್ರ ಚೆನ್ನಾಗಿ ತಿಕ್ಕಿದ. ಧೂಳಿನ ಮೇಲೆ ಬಿದ್ದ ಎಣ್ಣೆ ನಾಲ್ಕು ದಿನದಲ್ಲಿ ರಾಡಿಯಾಗುತ್ತದೆಂದು ಅವನಿಗೆ ಗೊತ್ತಿತ್ತು. ಒಂದು ವರ್ಷದಿಂದ ಊರಿಗೆಲ್ಲ ಅವನು ಮಾಡುತ್ತಿದ್ದ ಸರ್ವಿಸಿಂಗ್ ಇದೇ.

"ಆತೇನ್ರಿ?"

"ಆತು. ಇನ್ನ ಎರಡ ವರ್ಷ ಚಿಂತಿಲ್ಲ."

ಜ್ಞಾನು ಹೊಳೆಯುವ ಗಾಜು ನೋಡಿ ನಕ್ಕ. "ಹೊಸಾದರಂಗ ಮಾಡೀರಲ್ರಿ!"

*

ಅಂಗಳದಲ್ಲಿ ಹದಿನೈದು ಇಪ್ಪತ್ತು ಗಂಡಸರಿದ್ದರು. ಅವರಲ್ಲಿ ಹೆಚ್ಚಿನವರ ವಾಚು ಸುಕುಮಾರನ ಕೈ ದಾಟಿ ಹೋದದ್ದೇ. ಮೊದಲೇ ಕೊಲ್ಹಾಪುರದ ಅಂಗಡಿಗಳಲ್ಲಿ ಕೀಲಿ ಬೇಡದ ಸೆಲ್ಲಿನ ವಾಚು ಬಂದಿದ್ದವು. ಬಾಯಿ ಬಿಟ್ಟರೆ ನಾಳೆಯಿಂದ ಅವನ ಗೂಡಿನತ್ತ ಯಾರು ಬರುತ್ತಾರೆ? ಬಾಯಿ ಮುಚ್ಚಿಕೊಂಡರೆ ದ್ರೌಪದಿಯ ಖೋಲಿ ಹೋಗುತ್ತದೆ. ಅವನಿಗೆ ದಣಿವಾಗಿತ್ತು. ಇವತ್ತಿನ ದಣಿವಲ್ಲ, ಒಂದು ವರ್ಷ ಕಾಣುತ್ತದೆ ಕಾಣುತ್ತದೆ ಎಂದು ಎಲ್ಲರ ಮುಂದೆ ನಟಿಸಿದ ದಣಿವು. ಮನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡೋಣ ಅನ್ನಿಸಿತು.

ಅವನು ಕಟ್ಟೆಯ ಮೇಲೆ ಕೂತು, ಜೇಬಿನ ಸಣ್ಣ ಚೂರಿಯಿಂದ ಮುಚ್ಚಳ ಎಬ್ಬಿಸಿದ.

"ಕೀಲಿ ಪೂರಾ ಐತಿ. ನೋಡ್ರಿ," ಎಂದು ಬೆರಳಿನಿಂದ ತಟ್ಟಿದ. ಸೆಕೆಂಡಿನ ಮುಳ್ಳು ಹೊರಟಿತು. ಅಯ್ಯಯ್ಯ ಎಂದು ಯಾರೋ ಹಿಂದೆ ಸರಿದರು. ಮುಳ್ಳು ಒಂದು ಸುತ್ತು ಹಾಕಿ, ಇನ್ನರ್ಧ ಹೋಗಿ, ನಿಂತುಬಿಟ್ಟಿತು.

"ಈಗ ಮತ್ತ ನಿಂತೈತಿ, ಮಲ್ಲಾರಿ. ಜ್ಞಾನು ಇನ್ನೊಮ್ಮಿ ಸತ್ತನೇನು?"

"ಹಂಗಂದ್ರ?"

"ಸರ್ವಿಸಿಂಗ್ ಆಗಿಲ್ಲ. ನಾ ಮಾಡಿಲ್ಲ. ಮಾಡೇನಿ ಅಂತ ಸುಳ್ಳ ಹೇಳೇನಿ." ಸುಕುಮಾರ ತಲೆ ಎತ್ತಲಿಲ್ಲ. "ನನಗ ಕಣ್ಣ ಕಾಣವಲ್ಲವು. ವರ್ಷ ಆತು. ಇದು ನಿನ್ನಿ ನಿಂತಿತ್ತೋ ಮೊನ್ನಿ ನಿಂತಿತ್ತೋ, ಯಾವ ದೇವರಿಗಿ ಗೊತ್ತು. ಜ್ಞಾನುನ ಜೀವಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ."

ಹೌಸಾಬಾಯಿಯೇ ಮೊದಲು ಕೇಳಿದಳು: "ಹಂಗಾದ್ರ ಅಂವ ಹೋಗಿದ್ದು ಯಾವಾಗ?"

"ನಳ ಬರೂಕ್ಕಿಂತ ಮೊದಲ!" ರಂಗುಬಾಯಿ ಹಿಟ್ಟಿನ ಕೈಯಲ್ಲೇ ಎದ್ದಳು. "ಆಗಿನಿಂದ ಬಡಕೊಳ್ಳಾಕತ್ತೇನಿ, ಯಾರ ಕೇಳಿದ್ರಿ? ವಾಚ್, ವಾಚ್ ಅಂತ ಕುಂತ್ರಿ. ಒಂಬತ್ತೂವರಿಗಿ ನಳ ಬಂತು. ಬಾಗಲಾ ಬಡದ ಕರದೆ, ಅವರು ಏಳಲಿಲ್ಲ. ಇಷ್ಟ ವರ್ಷದಾಗ ನಳದ ಸಪ್ಪಳ ಕೇಳಿ ಅವರು ಏಳಲಾರದ ದಿನಾ ಒಂದರ ಐತೇನು? ಪಾಳಿ ಮಾಡಿ ಬಂದ್ರೂ ಎದ್ದು ತಮ್ಮವು, ನನ್ನವು, ನಿಮ್ಮವೂ ಕೊಡಾ ತುಂಬಿ ಇಡತಿದ್ರು. ನಾನ ಬಾಗಲಾ ದೂಡಿ ನೋಡಬೇಕಿತ್ತು. ನಿದ್ದಿ ಹತ್ತಿರಬೇಕು, ಮಲಗ್ಲಿ ಪಾಪ, ಅಂತ ಸುಮ್ಮನಾದ್ನೆವ್ವಾ..." ಅವಳಿಗೆ ಅಳು ತಡೆಯಲಾಗಲಿಲ್ಲ.

ಹೌಸಾಬಾಯಿ ತನ್ನ ಬಾಗಿಲಿನತ್ತ ನೋಡಿದಳು. ಅವಳ ಎರಡು ಹಿತ್ತಾಳೆ ಕೊಡಗಳು ಅಲ್ಲಿ ಬರಿದಾಗಿ ಕೂತಿದ್ದವು. ಇವತ್ತು ನೀರು ಯಾಕಿಲ್ಲ ಎಂದು ಅವಳಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

"ಒಂಬತ್ತೂವರಿ ಅಂದ್ರ ಪಂಚಕ ಇಲ್ಲ ಬಿಡ್ರಿ," ಎಂದಳು. "ದ್ರೌಪದಿ, ನೀ ಎಲ್ಲಿಗೂ ಹೋಗಬ್ಯಾಡ."

ದ್ರೌಪದಿ ಸುಕುಮಾರನ ಕಡೆ ತಿರುಗಿದಳು. "ಭಾಳ ನಂಬಿದ್ರು ಅಣ್ಣಾ ನಿಮ್ಮನ್ನ," ಎಂದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

*

ಪಂಚಗಂಗೆಯ ದಂಡೆಯಲ್ಲಿ ಬೆಂಕಿ ಹತ್ತಿಕೊಂಡಿತು. ಗಂಡಸರು ಘಾಟಿನ ಮೆಟ್ಟಿಲ ಮೇಲೆ ಸಾಲಾಗಿ ಕೂತರು. ಸುಕುಮಾರ ಎಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿ ಒಬ್ಬನೇ ಇದ್ದ. ಅವನ ಪಕ್ಕ ಯಾರೂ ಕೂಡಲಿಲ್ಲ, ಅವನನ್ನು ಯಾರೂ ಬೈಯಲೂ ಇಲ್ಲ. ಸ್ವಲ್ಪ ಹೊತ್ತಿಗೆ ಅವನು ಹೊರಳಿ ನೋಡಿದ.

ಮಲ್ಲಾರಿ ಮುಖ ಆಚೆ ತಿರುಗಿಸಿಕೊಂಡು ವಾಚು ಕಟ್ಟಿದ ಎಡಗೈಯನ್ನು ಕಿವಿಗೆ ಒತ್ತಿಕೊಂಡಿದ್ದ. ಅವನ ಹಿಂದೆ ಶೆಡ್ಡಿನ ಇಬ್ಬರು, ಅವರ ಹಿಂದೆ ಇನ್ನೂ ಮೂವರು, ಎಲ್ಲರೂ ಮಣಿಕಟ್ಟು ಕಿವಿಗೆ ಹಿಡಿದು ಉಸಿರು ಬಿಗಿಹಿಡಿದು ಕೂತಿದ್ದರು. ಚಿತೆಯ ಚಟಪಟದಲ್ಲಿ ಕೇಳಿಸದೆ ಒಬ್ಬ ಎದ್ದು ನೀರಿನ ಅಂಚಿಗೆ ಹೋಗಿ, ಇನ್ನೊಂದು ಕಿವಿಯಲ್ಲಿ ಬೆರಳಿಟ್ಟುಕೊಂಡು ನಿಂತ.