ಬೋರಲು ಹಾಕದ ಬಕೆಟ್ಟು

ನಮ್ಮ ಅತ್ತೆಯನ್ನು ಕಾಫಿ ಸಂಘದ ನಲವತ್ತು ಹೆಂಗಸರೂ ಮೂಗಿನತ್ತೆ ಎಂದೇ ಕರೆಯುತ್ತಿದ್ದರು. ಮೂಗು ಉದ್ದವೇನೂ ಇರಲಿಲ್ಲ, ಚುರುಕಾಗಿತ್ತು ಅಷ್ಟೇ. ಕಾಫಿ ಹಣ್ಣಿನ ಸಿಪ್ಪೆ ಸುಲಿದ ಮೇಲೆ ಲೋಳೆ ಹತ್ತಿದ ಬೀಜವನ್ನು ತೊಟ್ಟಿಯಲ್ಲಿ ಹುದುಗಲು ಬಿಡುತ್ತೇವೆ. ಲೋಳೆ ಬಿಟ್ಟ ಹೊತ್ತಿಗೆ ಸರಿಯಾಗಿ ತೊಳೆಯಬೇಕು, ತಡವಾದರೆ ಹುಳಿ. ಆ ಹೊತ್ತು ಯಾವುದೆಂದು ಅತ್ತೆ ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಕೂತು ವಾಸನೆಯಿಂದಲೇ ಹೇಳುತ್ತಿದ್ದರು. ಬೇರೆಯವರಾದರೆ ಬೀಜ ಉಜ್ಜಿ ನೋಡುತ್ತಾರೆ, ಲೋಳೆ ಹೋಗಿದ್ದರೆ ಅದು ಕೈಗೆ ಒರಟಾಗಿ ಸಿಗುತ್ತದೆ. ಅತ್ತೆಗೆ ಅದೆಂದರೆ ತಾತ್ಸಾರ. "ಮೂಗಿದ್ದೋರಿಗೆ ಕೈ ಯಾಕ್ರೇ?" ಎನ್ನುತ್ತಿದ್ದರು.

ಸಂಘ ಕಟ್ಟುವ ಮೊದಲು ಹಣ್ಣು ಬಿಡಿಸುವವರು ನಾವು, ಮಾರುವವರು ಗಂಡಸರು. ಈಗ ಹೆಂಗಸರು ಬೆಳೆದು ಹೆಂಗಸರೇ ಹದ ಮಾಡಿದ ಕಾಫಿಯನ್ನಷ್ಟೇ ಕೊಳ್ಳುವ ಕಂಪನಿಯೊಂದಿದೆ, ಚೀಲದ ಮೇಲೆ ನಮ್ಮ ಹೆಸರಿರುತ್ತದೆ. ಮೂವತ್ತೈದು ವರ್ಷ "ಏ, ಇವಳೇ" ಎಂದು ಕರೆಸಿಕೊಂಡಿದ್ದ ಅತ್ತೆಯನ್ನು ಮಾವ ಕೂರಿಸಿಕೊಂಡು ಒಂದು ಮಾತು ಕೇಳಿದ್ದು ಆ ಸ್ಟೂಲು ಸಿಕ್ಕ ಮೇಲೆಯೇ.

ಹೋದ ವರ್ಷ ಕೊಯ್ಲಿಗೆ ಮುಂಚೆ ಜ್ವರ ಬಂದು ಅತ್ತೆಗೆ ವಾಸನೆ ಹೋಯಿತು. ಗೊತ್ತಾದದ್ದು ನನಗೊಬ್ಬಳಿಗೇ. ಅಡುಗೆ ಎಣ್ಣೆ ಎಂದುಕೊಂಡು ಸೀಮೆಎಣ್ಣೆಯನ್ನು ಬಾಣಲೆಗೆ ಬಗ್ಗಿಸಲು ಹೊರಟಿದ್ದರು. ಕೈ ಹಿಡಿದೆ. ನನ್ನ ಮುಖ ನೋಡಿ ಅತ್ತುಬಿಟ್ಟರು.

"ಸ್ಟೂಲು ಹೋದ್ರೆ ನಾನು ಮತ್ತೆ ಒಲೆ ಮುಂದೇನೇ ಕಣೇ. ಯಾರಿಗೂ ಹೇಳ್ಬೇಡ."

ಅಂದಿನಿಂದ ನಮ್ಮಿಬ್ಬರದೇ ಒಂದು ಉಪಾಯ. ನಾನು ಬೀಜ ಉಜ್ಜಿ ನೋಡುವುದು, ಒರಟಾದ ಕೂಡಲೇ ಖಾಲಿ ಬಕೆಟ್ಟನ್ನು ಬೋರಲು ಹಾಕುವುದು. ಅತ್ತೆ ಗಾಳಿಗೆ ಮೂಗೆತ್ತಿ, ಕಣ್ಣು ಮುಚ್ಚಿ, "ಹ್ಞೂಂ, ತೊಳೀರೇ!" ಎಂದು ಕೂಗುವುದು. ಆ ನಾಟಕ ನೋಡಿ ನನಗೆ ಒಳಗೊಳಗೇ ನಗು. ಒಂದು ಕೊಯ್ಲು ಪೂರ್ತಿ ಹೀಗೇ ದಾಟಿತು.

ಈ ಸಲದ ಮೊದಲ ತೊಟ್ಟಿ ತೊಳೆಯುವ ದಿನ ಬೆಳಿಗ್ಗೆ ಹಾಲು ಸೀದುಹೋಯಿತು. ನಾನು ಮಗಳ ತಲೆ ಬಾಚುತ್ತಿದ್ದೆ. ಒಲೆಯ ಪಕ್ಕದಲ್ಲೇ ಕೂತಿದ್ದ ಅತ್ತೆ ಹೊಗೆ ಕಣ್ಣಿಗೆ ಬಿದ್ದ ಮೇಲೆ ಎದ್ದು, ನನ್ನ ಗಂಡನ ಎದುರಿಗೇ, "ಮೂಗಿಲ್ವೇನೇ ನಿಂಗೆ? ನಿಮ್ಮಮ್ಮ ಕಲಿಸಿದ್ದು ಇಷ್ಟೇನಾ?" ಎಂದರು.

ಮೂಗಿಲ್ಲವೇ ಎಂದು ಕೇಳಿದವರು ಯಾರು ನೋಡಿ! ನನಗೆ ಮೈಯೆಲ್ಲ ಉರಿಯಿತು. ಸತ್ತು ಎರಡು ವರ್ಷವಾದ ನನ್ನಮ್ಮನನ್ನು ಯಾಕೆ ಎಳೆದು ತರಬೇಕಿತ್ತು? ತೊಟ್ಟಿಯ ಶೆಡ್ಡಿಗೆ ಹೋದ ಮೇಲೂ ಅತ್ತೆಯನ್ನು ಮಾತಾಡಿಸಲಿಲ್ಲ. ಬೀಜ ಒರಟಾದದ್ದು ನನ್ನ ಅಂಗೈಗೆ ಗೊತ್ತಾಯಿತು. ಬಕೆಟ್ಟು ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಒದ್ದಾಡಲಿ ಎಂದುಕೊಂಡು ಅಂಗಳಕ್ಕೆ ಹೋಗಿ, ಬೀಜ ಒಣಗಿಸುವ ಬಲೆಯ ಹರುಕು ಹೊಲಿಯುತ್ತಾ ಕೂತೆ. ಹರುಕು ಬಹಳ ಇದ್ದವು. ಬಿಸಿಲೇರಿತು.

ವಾಪಸು ಬಂದಾಗ ಅತ್ತೆ ಸ್ಟೂಲಿನ ಮೇಲೇ ಇದ್ದರು. "ಸಾಕಲ್ವಾ ಮೂಗಿನತ್ತೆ?" ಎಂದವರಿಗೆಲ್ಲ "ಇನ್ನೂ ಇಲ್ಲ" ಎನ್ನುತ್ತಿದ್ದರಂತೆ. ತಾವೇ ಕೈ ಅದ್ದಿ ನೋಡಿದ್ದರೆ ಗುಟ್ಟು ರಟ್ಟಾಗುತ್ತಿತ್ತು. ತೊಟ್ಟಿಯಿಂದ ಹುಳಿ ನಾತ ಏಳುತ್ತಿತ್ತು. ಉಳಿದವರ ಮೂಗಿಗೂ ಬಡಿದಿರಬೇಕು. ಮೂಗಿನತ್ತೆಗಿಂತ ನಮಗೇನು ಗೊತ್ತು ಎಂದು ಸುಮ್ಮನಿದ್ದರು. ಓಡಿಹೋಗಿ ಬಕೆಟ್ಟು ಬೋರಲು ಹಾಕಿದೆ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ?

ಮೂರು ವಾರದ ಮೇಲೆ ಕಂಪನಿಯಿಂದ ರುಚಿ ನೋಡುವಾಕೆ ಬಂದಳು. ಆ ತೊಟ್ಟಿಯ ಕಾಫಿಯನ್ನು ಚಮಚದಿಂದ ಸುರ್ರೆಂದು ಹೀರಿ, ಉಗುಳಿ, ಇನ್ನೊಮ್ಮೆ ಹೀರಿದಳು.

"ಹುಳಿ ಬಂದಿದೆ. ಇದನ್ನ ತಗೊಳ್ಳೋಕಾಗಲ್ಲ" ಎನ್ನುವಾಗ ಅವಳಿಗೂ ನಮ್ಮ ಮುಖ ನೋಡಲಾಗಲಿಲ್ಲ.

ಅದು ನಲವತ್ತು ಮನೆಯ ಬೀಜ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದು ನಿಂತಿದ್ದರು.

"ತಪ್ಪು ನಂದು. ನಂಗೆ ವಾಸನೆ ಹೋಗಿ ವರ್ಷ ಆಯ್ತು. ನಿಮ್ಗೆಲ್ಲಾ ಸುಳ್ಳು ಹೇಳ್ದೆ."

ಯಾರೂ ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಇನ್ನು ಮುಂದೆ ಯಾರನ್ನು ಕೂರಿಸೋಣ ಎಂದು ಸಂಘದ ಅಧ್ಯಕ್ಷೆ ಮೆಲ್ಲಗೆ ಕೇಳಿದಾಗ ಅತ್ತೆ, "ನನ್ನ ಸೊಸೇನ ಕೂರ್ಸಿ. ಅವಳ ಕೈಗೆ ಎಲ್ಲಾ ಗೊತ್ತಾಗುತ್ತೆ" ಎಂದರು. ನಾನು ಹೇಡಿ, ತಲೆಯಾಡಿಸಿಬಿಟ್ಟೆ.

ಮನೆಯ ದಾರಿಯಲ್ಲಿ ತಡೆಯಲಾಗಲಿಲ್ಲ. "ಅತ್ತೆ, ಅವತ್ತು ನಾನು ಬೇಕಂತಲೇ..."

"ಗೊತ್ತು ಕಣೇ" ಎಂದರು. "ಇಡೀ ಬೆಳಿಗ್ಗೆ ಆ ಬಕೆಟ್ಟನ್ನೇ ನೋಡ್ತಾ ಕೂತಿದ್ದೆ. ನಿನ್ನ ಕರೆಯೋಣ ಅನ್ಕೊಂಡೆ. ನಿಮ್ಮಮ್ಮನ್ನ ಅಂದ ಬಾಯಲ್ಲಿ ಹೇಗೆ ಕರೀಲಿ?"

ಈಗ ಸ್ಟೂಲು ನನ್ನದು. ಅತ್ತೆ ಒಲೆಯ ಮುಂದೆ. ಸೀದರೆ ತಿಳಿಯುವುದಿಲ್ಲವಲ್ಲ, ಹಾಲಿಟ್ಟರೆ ಅತ್ತಿತ್ತ ತಿರುಗದೆ ಪಾತ್ರೆಯನ್ನೇ ನೋಡುತ್ತಾ ಕೂರುತ್ತಾರೆ.