ಗೇಜಿನ ಮುಳ್ಳು ಹೇಳದ್ದು

ಒಂದೇ ಕಾರಿಗೆ ಹಾಕಿದ್ದ ಎರಡನೇ ಟರ್ಬೊ, ಇಂಜಿನ್ನಿಗೆ ಗಾಳಿ ನೂಕುವ ಚಕ್ರ, ಇಪ್ಪತ್ತೇ ದಿನಕ್ಕೆ ಕಿರುಚಿಕೊಂಡು ಸತ್ತಿತ್ತು. ಜೋಡಿಸಿದವನು ನನ್ನ ಭಾವ, ಅಕ್ಕನ ಗಂಡ. ಹಾಗಾಗಿ ಕೆಲಸ ಬಿಡಬೇಕಾದವನೂ ಅವನೇ. ತಪ್ಪೊಪ್ಪಿಗೆಯ ಕಾಗದವನ್ನು ಮ್ಯಾನೇಜರ್ ಬೆಳಿಗ್ಗೆಯೇ ಅಚ್ಚು ಹಾಕಿಸಿಟ್ಟಿದ್ದ.

ಮ್ಯಾನೇಜರನ ಸಾಕ್ಷಿ ನಾನು. ಆ ಗ್ಯಾರೇಜಿನಲ್ಲಿ ಇಂಜಿನ್ ಪರೀಕ್ಷೆ ನನ್ನ ಕೆಲಸ.

"ಆಯಿಲ್ ಪ್ರೆಶರ್ ಸರಿ ಇದೆ ಅಂತ ನೀವೇ ಬರೆದಿದ್ದೀರಲ್ಲಮ್ಮ. ಇಂಜಿನ್ ಸರಿ, ಟರ್ಬೊ ಹೊಸದು. ಇನ್ನು ಉಳಿದಿದ್ದು ಇವರ ಕೈ ತಾನೆ?" ಎಂದ ಮ್ಯಾನೇಜರ್.

ಬರೆದದ್ದು ನಿಜ. ಒತ್ತಡ ಅಳೆಯುವ ಗೇಜನ್ನು ಇಂಜಿನ್ನಿನ ಮೈಗೆ ಹಾಕಿದ್ದೆ, ಮುಳ್ಳು ನೆಟ್ಟಗೆ ನಿಂತಿತ್ತು, ಟಿಕ್ ಹಾಕಿ ಮುಂದಿನ ಗಾಡಿಗೆ ಓಡಿದ್ದೆ. ದಿನಕ್ಕೆ ಒಂಬತ್ತು ಗಾಡಿ ಮುಗಿಯಲೇಬೇಕೆಂದು ಗೋಡೆಯ ಮೇಲೆ ಬರೆದಿತ್ತು. ಎಣ್ಣೆ ಟರ್ಬೊವರೆಗೆ ಹೋಗುತ್ತಿದೆಯೇ ಎಂದು ನೋಡಲು ಬೇಕಾದ ಇಪ್ಪತ್ತು ನಿಮಿಷವನ್ನು ಆ ಗೋಡೆ ಯಾರಿಗೂ ಕೊಟ್ಟಿರಲಿಲ್ಲ.

"ಒಂದು ಗಂಟೆ ಕೊಡಿ ಸಾರ್."

"ಅರ್ಧ."

ಭಾವ ಬಾನೆಟ್ ಎತ್ತಿದ. "ನಿಮ್ಮಕ್ಕಂಗೆ ಹೇಳೋಕೆ ಒಳ್ಳೇ ಸುಳ್ಳೊಂದು ಹೊಳೀತಾ ಇತ್ತು, ನೀನು ಕೆಡಿಸಿಬಿಟ್ಟೆ."

"ನೀವು ಸುಳ್ಳು ಹೇಳಿದ್ರೆ ಕಿವಿ ಕೆಂಪಾಗುತ್ತೆ ಭಾವ, ಅವಳಿಗೆ ಗೊತ್ತು. ಸ್ಪ್ಯಾನರ್ ಕೊಡಿ."

ಟರ್ಬೊಗೆ ಎಣ್ಣೆ ಒಯ್ಯುವ ಪೈಪು ಕಿರುಬೆರಳಿಗಿಂತ ಸಣ್ಣದು. ಅದರ ತುದಿ ಬಿಚ್ಚಿ ಜಾಡಿಯೊಳಗೆ ಇಳಿಬಿಟ್ಟೆ. ಭಾವ ಇಂಜಿನ್ ಚಾಲೂ ಮಾಡಿದ. ಮುಳ್ಳು ಅಂದಿನಂತೆಯೇ ನೆಟ್ಟಗೆ. ಜಾಡಿಗೆ ಧಾರೆಯಾಗಿ ಸುರಿಯಬೇಕಾದ ಎಣ್ಣೆ ಮಾತ್ರ ಒಂದು ಹನಿ, ತಡೆದು ಇನ್ನೊಂದು ಹನಿ.

ಪೈಪನ್ನು ತೆಗೆದು ಗರಗಸದಿಂದ ಉದ್ದಕ್ಕೆ ಸೀಳಿದೆವು. ಒಳಗೆಲ್ಲ ಸುಟ್ಟ ಎಣ್ಣೆಯ ಕರಕಲು. ಸೂಜಿ ತೂರುವಷ್ಟೇ ದಾರಿ. ಒತ್ತಡವಿತ್ತು, ಹರಿವಿರಲಿಲ್ಲ. ಎಣ್ಣೆ ಸಿಗದೆ ಎರಡೂ ಟರ್ಬೊ ಒಣಗಿಯೇ ಸತ್ತಿದ್ದವು.

"ಇದನ್ನ ಯಾಕೆ ಬದಲಾಯಿಸಲಿಲ್ಲ ಭಾವ?"

"ಎರಡು ಸಲಾನೂ ಬರೆದಿದ್ದೆ. ನೋಡು."

ಜಾಬ್ ಕಾರ್ಡಿನ 'ಹೊಸ ಪೈಪ್' ಎಂಬ ಸಾಲಿನ ಮೇಲೆ ಎರಡು ಸಲವೂ ಮ್ಯಾನೇಜರನ ಕೆಂಪು ಗೀಟು.

ನಾವು ಸೀಳಿದ್ದ ಪೈಪನ್ನು ಮ್ಯಾನೇಜರ್ ನೋಡಿದ, ಸ್ವರ ಏರಿಸಲಿಲ್ಲ. "ಆಯ್ತು, ಹೊಸದು ಹಾಕಿ. ಆದ್ರೆ ಗಿರಾಕಿಗೆ ಯಾರಾದ್ರೂ ಒಬ್ಬರ ತಪ್ಪು ಅಂತ ಹೇಳಬೇಕಲ್ಲ. ಇವರದಲ್ಲ ಅಂದ್ರೆ ನಿಮ್ಮ ರಿಪೋರ್ಟ್ ತಪ್ಪು. ನೀವಿಬ್ಬರೇ ಮಾತಾಡ್ಕೊಳ್ಳಿ."

ಒಂದೇ ಮನೆಯ ಇಬ್ಬರಲ್ಲಿ ಯಾರ ಅನ್ನಕ್ಕೆ ಕಲ್ಲು ಬೀಳಬೇಕೆಂದು ನಾವೇ ಆರಿಸಬೇಕಿತ್ತು. ಕೆಂಪು ಗೀಟು ಎಳೆದವನ ಹೆಸರು ಆ ಪಟ್ಟಿಯಲ್ಲೇ ಇರಲಿಲ್ಲ.

"ನನ್ನ ಹೆಸರೇ ಇರಲಿ ಬಿಡು. ನಿನ್ನ ಕೆಲಸ ಈಗಷ್ಟೇ ಪರ್ಮನೆಂಟ್ ಆಗಿದೆ," ಎಂದು ಭಾವ ಪೆನ್ನಿಗೆ ಕೈ ಚಾಚಿದ. ನಾನು ಕೊಡಲಿಲ್ಲ.

ಜಾಬ್ ಕಾರ್ಡಿನಲ್ಲಿ ನನ್ನ ಟಿಕ್ಕಿನ ಕೆಳಗೆ ಬರೆದೆ: 'ಒತ್ತಡವನ್ನಷ್ಟೇ ನೋಡಿದೆ. ಹರಿವು ನೋಡದ್ದು ನನ್ನ ತಪ್ಪು. ನೋಡಲು ಸಮಯ ಕೊಡದ್ದು ಗ್ಯಾರೇಜಿನದು. ಹೊಸ ಪೈಪ್ ಎರಡು ಸಲ ಕೇಳಲಾಗಿತ್ತು, ಎರಡು ಸಲವೂ ಹೊಡೆದುಹಾಕಲಾಯಿತು.' ಕೆಳಗೆ ಸಹಿ ಹಾಕಿದೆ.

ನೀನೂ ಸಹಿ ಹಾಕ್ತೀಯಾ ಎಂದು ಚಾಚಿದ ಕಾರ್ಡನ್ನು ಪಕ್ಕದ ಎಲೆಕ್ಟ್ರಿಷಿಯನ್ ಓದಿದ. "ನಂಗೆ ಎರಡು ಮಕ್ಕಳಿದ್ದಾವೆ, ಅಕ್ಕಾ," ಎಂದು ತನ್ನ ಗಾಡಿಯ ಕೆಳಗೆ ತೂರಿಕೊಂಡ. ಅವನ ಮೇಲೆ ಸಿಟ್ಟು ಬರಲಿಲ್ಲ.

ಗಿರಾಕಿ ಕೂತಿದ್ದ ಗಾಜಿನ ಕೋಣೆಗೆ ಎಣ್ಣೆ ಕೈಯವರು ಕಾಲಿಡುವಂತಿರಲಿಲ್ಲ. ಕಾರ್ಡನ್ನೂ ಪೈಪಿನ ಎರಡು ಸೀಳನ್ನೂ ಹಿಡಿದು ಹೋದೆ. ಭಾವ ನನಗಿಂತ ಮೊದಲೇ ಹೋಗಿ ಬಾಗಿಲು ತಳ್ಳಿ ಹಿಡಿದ.

"ಕೂತ್ಕೊಂಡಿರಿ ಸಾರ್," ಎಂದೆ ಗಿರಾಕಿಗೆ. "ನಿಮ್ಮ ಗಾಡಿಗೆ ಏನಾಗಿತ್ತು ಅಂತ ತೋರಿಸ್ತೀನಿ."