ಎರಡು ಚುಕ್ಕೆಯ ಕೀಲಿ

ಜರ್ಮನಿಯ ಕಾಸೆಲ್‌ನ ನಮ್ಮ ಕಂಪ್ಯೂಟರ್ ಕೂಟದಲ್ಲಿ ಶನಿವಾರ ಮಧ್ಯಾಹ್ನ ನನ್ನದೊಂದು ಮೇಜು. ಗುಪ್ತಲಿಪಿಯ ಇಮೇಲ್ ಬಿಡಿಸುವ ಹಳೆಯ ಕೀಲಿ-ಕಡತ ತಂದವರಿಗೆ ಅದು ಯಾವ ತಂತ್ರಾಂಶಕ್ಕೆ ಹೊಂದುತ್ತದೆ, ಯಾವುದಕ್ಕೆ ಇಲ್ಲ ಎಂದು ನೋಡಿಕೊಡುತ್ತೇನೆ. ಸಂಬಳ ಇಲ್ಲ, ಕೇಕು ಉಂಟು.

ಅವತ್ತು ಟ್ರಾಮ್ ಓಡಿಸಿ ನಿವೃತ್ತನಾದ ಓಟ್ಮಾರ್ ಬಂದ. ಬಂದ ಅನ್ನುವುದಕ್ಕಿಂತ ಹೆಂಡತಿ ವೀಬ್ಕೆ ಎಳೆದುಕೊಂಡು ಬಂದಳು ಅನ್ನಬೇಕು. ಅವಳು ಮೇಜಿನ ಮೇಲಿಟ್ಟ ಫ್ಲಾಪಿಯಲ್ಲಿ ಅವನ ಕೀಲಿ ಇತ್ತು. ಮದುವೆಗೆ ಮುಂಚೆ ಅವಳು ರೋಸ್ಟಾಕ್ ಊರಿನಿಂದ ಇಲ್ಲಿದ್ದ ಅವನಿಗೆ ಗುಪ್ತಲಿಪಿಯ ಇಮೇಲಿನಲ್ಲಿ ಬರೆದ ಕೊನೆಯ ಕಾಗದವೂ ಇತ್ತು.

"ನಾಳೆ ನಾವು ಮದುವೆಯಾದ ದಿನ, ಮಕ್ಕಳ ಮುಂದೆ ಇದನ್ನ ಓದಿಸ್ಬೇಕು. 'ಬರಬೇಡ, ಇಲ್ಲಿಗೆ ಸಾಕು' ಅಂತ ಬರ್ದಿದ್ದೆ. ನಾಲ್ಕೇ ದಿನಕ್ಕೆ ಈ ಮನುಷ್ಯ ಬಾಗಿಲಲ್ಲಿ! ಬೇಡ ಅಂದ್ರೂ ಬಂದನಲ್ಲ, ಅದಕ್ಕೇ ಕಟ್ಕೊಂಡೆ."

ಓಟ್ಮಾರ್‌ನ ಕಿವಿ ಕೆಂಪಾಯಿತು. "ತೆರೀದಿದ್ರೆ ಬಿಡಪ್ಪ, ಹಳೇದು," ಎಂದ ನನಗೆ.

ಯಾರಾದರೂ ಗುಪ್ತಪದ ಒತ್ತುವಾಗ ಉಳಿದವರು ಚಾವಣಿ ನೋಡುವುದು ನಮ್ಮ ಕೂಟದ ಪದ್ಧತಿ. ಓಟ್ಮಾರ್ ಒತ್ತಲು ಕೂತಾಗ ನಾನೂ ನೋಡಿದೆ. ವೀಬ್ಕೆ ಮಾತ್ರ, "ಬೇರ್ಶೆನ್ ಅಂತ ಒತ್ತೋ, ಏನು ನಾಚ್ಕೆ?" ಎಂದು ಇಡೀ ಕೋಣೆಗೆ ಕೇಳಿಸಿದಳು. ಪುಟ್ಟ ಕರಡಿ. ಅಂದರೆ ಅವಳೇ.

ಮೊದಲ ತಂತ್ರಾಂಶ ತಪ್ಪು ಎಂದಿತು. ಎರಡನೆಯದೂ ಹಾಗೇ ಎಂದಿತು.

"ಬೇರೆ ಯಾವಳಾದ್ರೂ ಕರಡಿ ಇದ್ಳೇನೋ?" ವೀಬ್ಕೆ ಕಣ್ಣು ಕಿರಿದು ಮಾಡಿದಳು.

ಆಗ ನನಗೆ ಹೊಳೆಯಿತು. ಆ ಪದದಲ್ಲೊಂದು ತಲೆಯ ಮೇಲೆ ಎರಡು ಚುಕ್ಕೆಯ ಜರ್ಮನ್ ಅಕ್ಷರವಿದೆ, ä. ಅದನ್ನು ಹಳೆಯ ತಂತ್ರಾಂಶ ಬರೆದಿಡುವ ರೀತಿಯೇ ಬೇರೆ, ಹೊಸದರ ರೀತಿಯೇ ಬೇರೆ. ಕಣ್ಣಿಗೆ ಒಂದೇ ಪದ, ಕೀಲಿಗೆ ಅಪರಿಚಿತ. ಹಳೆಯ ತಂತ್ರಾಂಶವನ್ನೇ ಹುಡುಕಿ ಹಾಕಿದೆ. ಕಾಗದ ಥಟ್ಟನೆ ತೆರೆಯಿತು.

ಖುಷಿಯಲ್ಲಿ ಫ್ಲಾಪಿಯ ಚೀಟಿ ಓದಿದೆ. ಓಟ್ಮಾರ್‌ನದೇ ದುಂಡು ಅಕ್ಷರ: ಹೊಸ ತಂತ್ರಾಂಶಕ್ಕೆ ಬದಲಾಯಿಸಿದ್ದು, ೩ ಮಾರ್ಚ್ ೧೯೯೭.

"ಕಾಗದ ಬಂದಿರೋದು ಅದೇ ಮಾರ್ಚ್ ಹತ್ತನೇ ತಾರೀಕು! ಹಾಗಾದ್ರೆ ಆ ಹೊಸದ್ರಲ್ಲಿ ಇದು ನಿನ್ನ ಹತ್ರ ತೆರೆದೇ ಇರ್ಲಿಕ್ಕಿಲ್ಲ," ಎಂದುಬಿಟ್ಟೆ. ನನ್ನ ಬಾಯಿಗೆ ಬೀಗವೆಂಬುದೇ ಇಲ್ಲ.

ವೀಬ್ಕೆ ಗಂಡನ ಕಡೆ ತಿರುಗಿದಳು. "ಓದಿರ್ಲಿಲ್ವಾ?"

"ಏನು ಬರ್ದಿದೀಯ ಅಂತ ಕೇಳೋಕೇ ಬಂದಿದ್ದೆ. ನೀನು ಬಾಗಿಲು ತೆಗೆದವಳೇ ಅಪ್ಕೊಂಡ್ಬಿಟ್ಟೆ. ಆಮೇಲೆ ಹೇಗೆ ಕೇಳ್ಲಿ?"

"ಓದಿದ್ದಿದ್ರೆ?"

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿ ಎಂದು ನಾನೂ ಬಯಸಿದೆ.

"ಬರ್ತಿರ್ಲಿಲ್ಲ ಕಣೇ. ಅಷ್ಟು ಧೈರ್ಯ ನಂಗೆಲ್ಲಿತ್ತು?"

ಅವಳು ಅವನ ಕೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡಳು.

"ಅದನ್ನ ಕಳಿಸಿ ಮೂರು ದಿನ ಸ್ಟೇಷನ್ನಿಗೆ ಹೋಗಿ ನಿಂತಿದ್ದೆ, ಕಾಸೆಲ್ ಗಾಡಿ ಬರೋ ಹೊತ್ತಿಗೆ. ನಾಲ್ಕನೇ ದಿನ ಅಳ್ತಾ ಮನೇಲಿದ್ದೆ ಕಣೋ."